ಹೊಸ ವಾಲ್ವು

ಮದುವೆಯಾದಾಗಿನಿಂದ ಪ್ರದ್ಯುಮ್ನನ ಗಿಟಾರಿನ ಬಗ್ಗೆ ಅತ್ತೆ ತುಂಗಾಬಾಯಿ ಒಂದೇ ಒಂದು ಒಳ್ಳೆಯ ಮಾತಾಡಿದವರಲ್ಲ. ಅವರು ವೀಣೆಯ ಟೀಚರು. ಪಕ್ಕದ ಬೀದಿಯಲ್ಲಿ ಶ್ರುತಿ ತಪ್ಪಿದರೂ ಇಲ್ಲಿ ಹುಬ್ಬು ಗಂಟಿಕ್ಕುವವರು. ಅಂಥವರಿಂದ ಒಮ್ಮೆಯಾದರೂ ಭೇಷ್ ಅನ್ನಿಸಿಕೊಳ್ಳಬೇಕೆಂಬ ಹಟ ಅಳಿಯನಿಗೆ. ತಪ್ಪು ತನ್ನ ಬೆರಳುಗಳದ್ದಲ್ಲ, ಆಂಪ್ಲಿಫೈಯರಿನೊಳಗೆ ದನಿ ಹಿಗ್ಗಿಸುವ, ಹಳೇ ರೇಡಿಯೊಗಳಲ್ಲಿದ್ದಂಥ, ಸವೆದುಹೋದ ಗಾಜಿನ ವಾಲ್ವುಗಳದ್ದು ಎಂದು ತೀರ್ಮಾನಿಸಿ, ಹೊರದೇಶದಿಂದ ಹೊಸ ಜೋಡಿ ತರಿಸಿದ.

ಭಾನುವಾರ ಸಂಜೆ ಅತ್ತೆಯನ್ನು ಸೋಫಾದ ಮೇಲೆ ಕೂರಿಸಿದ.

"ಮೊದ್ಲು ಹಳೇ ವಾಲ್ವಲ್ಲಿ ನುಡಿಸ್ತೀನಿ, ಆಮೇಲೆ ಹೊಸದ್ರಲ್ಲಿ. ಯಾವುದು ಚೆಂದ ಅಂತ ನೀವೇ ಹೇಳ್ಬೇಕು, ಅತ್ತೆ."

"ಹೇಳಿದ್ರೆ ಬೇಜಾರು ಮಾಡ್ಕೋಬಾರ್ದು."

ನುಡಿಸಿದ. ಕಿಟಕಿಯ ಗಾಜು ನಡುಗಿತು. ಆಮೇಲೆ ಆಂಪ್ಲಿಫೈಯರ್ ಆರಿಸಿ, ಸುಡುತ್ತಿದ್ದ ವಾಲ್ವುಗಳು ತಣ್ಣಗಾಗುವವರೆಗೆ ಕಾದ. ಬಟ್ಟೆಯಲ್ಲಿ ಹಿಡಿದು ಮೆಲ್ಲಗೆ ಅವನ್ನು ಕಿತ್ತು, ಹೊಸವನ್ನು ನಿದ್ದೆ ಹೋದ ಮಗುವನ್ನು ತೊಟ್ಟಿಲಿಗೆ ಹಾಕುವಷ್ಟು ಜೋಪಾನವಾಗಿ ಕೂರಿಸಿದ. ಸ್ವಿಚ್ ಒತ್ತಿದಾಗ ಗಾಜಿನೊಳಗೆ ಕಿತ್ತಳೆ ಬೆಳಕು ಮೂಡಿತು. ಅದೇ ಹಾಡನ್ನು ಮತ್ತೆ ನುಡಿಸಿದ. ಕೊನೆಯ ಸ್ವರವನ್ನು ಎಳೆದು ಬಿಡುವಾಗ ಅವನಿಗೇ ಕಣ್ಣು ತುಂಬಿ ಬಂತು. ತುಂಗಾಬಾಯಿಯವರೂ ಕಣ್ಣು ಮುಚ್ಚಿ ಕೂತಿದ್ದರು.

"ವ್ಯತ್ಯಾಸ ಗೊತ್ತಾಯ್ತಾ, ಅತ್ತೆ?"

"ಚೆನ್ನಾಗಿ ಗೊತ್ತಾಯ್ತು. ಒಂದಂತೂ ಬಹಳ ಹಿತವಾಗಿತ್ತು."

ಅತ್ತೆಯ ಬಾಯಲ್ಲಿ ಹಿತ ಎಂಬ ಮಾತು! ಅವನು ಗಿಟಾರನ್ನು ಕೆಳಗಿಟ್ಟು ಮುಂದಕ್ಕೆ ಬಾಗಿದ.

"ಯಾವ್ದು? ಮೊದಲ್ನೇದಾ, ಎರಡ್ನೇದಾ?"

"ಮಧ್ಯೆ ಅದು ತಣ್ಣಗಾಗ್ಲಿ ಅಂತ ಸುಮ್ನೆ ಕೂತಿದ್ರಲ್ಲ, ಅದು."