ಎಲ್ಲರಿಗೂ ಕಳಿಸಿ

ಮಲ್ಲಂದೂರು ಎಂದು ಹಾಕಿ ಹುಡುಕಿದರೆ ಸೊನ್ನೆ ಜನ ಅಂತ ಬಂತು. ಭಾವನಾ ಇನ್ನೊಮ್ಮೆ ಹುಡುಕಿದಳು. ಸೊನ್ನೆಯೇ. ನಿನ್ನೆ ಭಾನುವಾರವಿಡೀ ಕೂತು ಸರ್ವರಿನ ಆಪರೇಟಿಂಗ್ ಸಿಸ್ಟಂ ಅಪ್‌ಗ್ರೇಡ್ ಮಾಡಿಸಿ, ಎಲ್ಲ ನೆಟ್ಟಗಿದೆ ಅಂದುಕೊಂಡೇ ಬಾಗಿಲು ಹಾಕಿ ಹೋಗಿದ್ದಳು. ಈಗ ಬೆಳಿಗ್ಗೆ ಆರೂಮುಕ್ಕಾಲು. ಆನೆ ಹತ್ತಿರ ಬಂದಾಗ ತೋಟದ ಕೆಲಸದವರ ಮೊಬೈಲಿಗೆ ಮೆಸೇಜ್ ಕಳಿಸುವ ಆ ಒಂದು ಕೋಣೆಯ ಕೇಂದ್ರದಲ್ಲಿ ಇದ್ದದ್ದು ಅವಳು, ಸರ್ವರು, ಬಡಿದುಕೊಳ್ಳುತ್ತಿದ್ದ ಫೋನು.

ಫೋನಿನಲ್ಲಿ ದೇವೇಂದ್ರ. ಆನೆಗಳ ಜಾಡು ಹಿಡಿದು ಸುತ್ತಿ ಸುದ್ದಿ ಕೊಡುವುದೇ ಅವನ ಕೆಲಸ.

"ಮೇಡಂ, ಹೋಯ್ತಾ ಮೆಸೇಜು?"

"ಇನ್ನೂ ಇಲ್ಲ. ಎಲ್ಲಿದಾವೆ?"

"ಮಲ್ಲಂದೂರು ಕೆಳಗಿನ ಎಸ್ಟೇಟು. ತಾಯಿ, ಮರಿ, ಜೊತೆಗೊಂದು ಸಲಗ. ರಸ್ತೆ ಪಕ್ಕದಲ್ಲೇ ನಿಂತಿದಾವೆ. ನಾನು ಈ ಕಡೆ, ಕೆಲಸದವರ ಲೈನ್‌ಮನೆಗಳು ಆ ಕಡೆ. ಎಸ್ಟೇಟಿನ ಲೆಕ್ಕ ಬರೆಯೋ ರೈಟರ್ ಫೋನು ಸ್ವಿಚ್ ಆಫ್. ಏಳೂವರೆಗೆ ಜನ ಕಾಫಿ ಕುಯ್ಲಿಗೆ ಇಳೀತಾರೆ."

"ಏನಾಗಿದೆ ಅಂತ ನೋಡ್ತಿದೀನಿ."

"ನೋಡೋದು ಆಮೇಲೆ ಮಾರಾಯ್ರೆ, ಮೊದ್ಲು ಕಳಿಸಿ."

ಅವಳು ಡೇಟಾಬೇಸನ್ನು ಎರಡು ಸಲ ನಿಲ್ಲಿಸಿ ಶುರು ಮಾಡಿದಳು. ಡಿಸ್ಕಿನಲ್ಲಿ ಜಾಗ ಬೇಕಾದಷ್ಟಿತ್ತು. ಇಡೀ ಪಟ್ಟಿ ತೆರೆದರೆ ಆರು ಸಾವಿರದ ಇನ್ನೂರ ನಲವತ್ತು ಹೆಸರೂ ಇದ್ದವು. ಕೆಳಗೆ ಕೆಳಗೆ ಇಳಿಯುತ್ತ ಹೋದರೆ ನಡುನಡುವೆ ಮಲ್ಲಂದೂರಿನವರೂ ಸಿಕ್ಕರು. ಕಣ್ಣಿಗೆ ಕಂಡವರು ಹುಡುಕಿದರೆ ಇಲ್ಲ. ಆ ಸರ್ವರ್ ಕೂಡಿಸಿಕೊಟ್ಟಿದ್ದ ಹಾಸನದ ಸುರೇಂದ್ರನನ್ನು ಫೋನಿನಲ್ಲಿ ಎಬ್ಬಿಸಿದಳು. ಅವನು ನಿದ್ದೆಗಣ್ಣಲ್ಲೇ ಕೇಳಿಸಿಕೊಂಡ.

"ಇಂಡೆಕ್ಸ್ ಕೆಟ್ಟಿದೆ ಭಾವನಾ ಅವ್ರೇ. ಯಾವ ಹೆಸರಿನ ಹಿಂದೆ ಯಾವುದು ಬರಬೇಕು ಅನ್ನೋ ಕ್ರಮ ಹೊಸ ಸಿಸ್ಟಂನಲ್ಲಿ ಬೇರೆ. ನಮ್ಮ ಇಂಡೆಕ್ಸು ಹಳೇ ಕ್ರಮದ್ದು. ಪುಸ್ತಕ ಸರಿಯಾಗಿದೆ, ಪರಿವಿಡಿ ತಪ್ಪಿದೆ ಅಂದ್ಕೊಳ್ಳಿ."

"ಎಷ್ಟು ಹೊತ್ತು ಬೇಕು?"

"ಮೊದಲು ಬ್ಯಾಕಪ್, ಆಮೇಲೆ ಹೊಸದಾಗಿ ಇಂಡೆಕ್ಸ್ ಕಟ್ಟೋದು. ಆ ಮುದಿ ಮಷೀನಿಗೆ ಒಂದು ಗಂಟೆ."

"ಒಂದು ಗಂಟೆ ನನ್ನ ಹತ್ರ ಇಲ್ಲ."

"ಹಾಗಾದ್ರೆ ಹುಡುಕೋದೇ ಬೇಡ, ಎಲ್ಲರಿಗೂ ಕಳಿಸಿ. ಆದ್ರೆ ಕಳಸದವರಿಗೂ ಹೋಗ್ತದೆ, ಮೂಡಿಗೆರೆಯವರಿಗೂ ಹೋಗ್ತದೆ. ತೀರಿಕೊಂಡವರು, ಊರು ಬಿಟ್ಟವರು ಅಂತ ನೀವು ತೆಗೆದ ನಂಬರುಗಳಿಗೂ ಹೋಗ್ತದೆ. ತೆಗೆದದ್ದು ಅಂದ್ರೆ ಒಂದು ಗುರುತು ಹಾಕಿದ್ದು ಅಷ್ಟೇ. ಹೆಸರು ಒಳಗೇ ಇರ್ತದೆ."

ಮೆಸೇಜಿನಲ್ಲಿ ಊರಿನ ಹೆಸರು ಇರುತ್ತಿರಲಿಲ್ಲ. 'ನಿಮ್ಮ ತೋಟದ ಹತ್ತಿರ ಆನೆ ಇದೆ, ಕೆಲಸಕ್ಕೆ ಹೊರಡಬೇಡಿ', ಇಷ್ಟೇ. ಮೊದಲೇ ಒಪ್ಪಿಗೆ ಪಡೆದ ವಾಕ್ಯ, ಅದನ್ನು ಅವಳು ಬದಲಿಸುವಂತಿರಲಿಲ್ಲ. ಕುಯ್ಲಿನ ಹೊತ್ತಿನಲ್ಲಿ ಇಡೀ ಸೀಮೆ ಅರ್ಧ ದಿನ ಕೈಕಟ್ಟಿ ಕೂರುತ್ತದೆ. ಸುಳ್ಳು ಅಂತ ಗೊತ್ತಾದ ಮೇಲೆ, ಮುಂದಿನ ಸಲ ನಿಜ ಹೇಳಿದರೂ ಯಾರೂ ನಿಲ್ಲುವುದಿಲ್ಲ. ಗಡಿಯಾರದಲ್ಲಿ ಏಳು ಹತ್ತಾಗಿತ್ತು. ಭಾವನಾ ಗುಂಡಿ ಒತ್ತಿದಳು.

ಹತ್ತು ನಿಮಿಷಕ್ಕೆಲ್ಲ ಬೈಗುಳ ಶುರುವಾಯಿತು. ಮೊದಲಿಗರು ಕಳಸದ ಬೆಳೆಗಾರ ಓಂಕಾರಪ್ಪ.

"ಅಲ್ಲಮ್ಮಾ, ನಮ್ಮ ಕಡೆ ಆನೆ ನೋಡ್ಬೇಕಾದ್ರೆ ಟಿವಿ ಹಾಕ್ಬೇಕು. ಇಲ್ಲಿ ಹಣ್ಣು ಗಿಡದಲ್ಲೇ ಒಣಗ್ತಾ ಇದೆ, ಜನ ಕಾಲು ಚಾಚಿ ಕೂತಿದಾರೆ!"

"ತಪ್ಪಾಯ್ತು ಸಾರ್. ಅದು ನಿಮಗಲ್ಲ."

"ನಮಗಲ್ಲದ್ದು ನಮಗ್ಯಾಕೆ ಬಂತು?"

ಹನ್ನೆರಡನೆಯವರ ಹೊತ್ತಿಗೆ, ಅವರು ಬಾಯಿ ತೆಗೆಯುವ ಮೊದಲೇ ಇವಳು ತಪ್ಪಾಯ್ತು ಅನ್ನತೊಡಗಿದ್ದಳು.

ಎಂಟಕ್ಕೆ ಸ್ವಲ್ಪ ಮೊದಲು ದೇವೇಂದ್ರನ ಫೋನು. "ದಾಟಿದ್ವು ಮೇಡಂ. ಏಳು ಮೂವತ್ತೈದಕ್ಕೆ ಸರಿಯಾಗಿ, ಕೆಳಗಿನ ಲೈನಿನ ಎದುರೇ ರಸ್ತೆ ದಾಟಿ ಹಳ್ಳಕ್ಕೆ ಇಳಿದ್ವು. ಲೈನಿನಿಂದ ಒಬ್ರೂ ಹೊರಗೆ ಬಂದಿರ್ಲಿಲ್ಲ. ಬಚಾವು."

"ಹೂಂ," ಅಂದಳು. ಅಷ್ಟರಲ್ಲಿ ಅವನು ಇಟ್ಟಿದ್ದ.

ಹಾಸನದಿಂದಲೇ ಕಟ್ಟತೊಡಗಿದ್ದ ಇಂಡೆಕ್ಸ್ ಎಂಟೂಕಾಲಿಗೆ ಆಯಿತು. ಮಲ್ಲಂದೂರು ಎಂದು ಹಾಕಿದರೆ ಮುನ್ನೂರ ಹದಿನೆಂಟು ಜನ. "ಇನ್ನು ತೊಂದ್ರೆ ಇಲ್ಲ," ಎಂದ ಸುರೇಂದ್ರ. "ತೆಗೆದ ಹೆಸರುಗಳಿಗೂ ಇನ್ಮೇಲೆ ಹೋಗಲ್ಲ. ನೀವು ಹೋಗಿ ಮಲಗಿ ಸ್ವಲ್ಪ."

ಚೀಲ ಹೆಗಲಿಗೆ ಹಾಕಿಕೊಳ್ಳುವಾಗ ಮತ್ತೆ ಫೋನು.

"ನಾನು ಸಿದ್ದಮ್ಮ ಕಣಮ್ಮಾ, ಮಲ್ಲಂದೂರು ಕೆಳಗಿನ ಲೈನಿನವಳು. ಗುರುವಯ್ಯ ಮೇಸ್ತ್ರಿ ಹೆಂಡ್ತಿ. ಇದು ಅವರದೇ ಫೋನು."

ಭಾವನಾ ನಿಂತಲ್ಲೇ ಬಗ್ಗಿ ಗುರುವಯ್ಯ ಎಂದು ಹುಡುಕಿದಳು. ಈಗ ತಕ್ಷಣ ಸಿಕ್ಕಿತು. ಹೆಸರಿನ ಮುಂದೆ 'ಮೃತ' ಎಂಬ ಗುರುತು. ಹೋದ ವರ್ಷ ಕಾಮಾಲೆಯಲ್ಲಿ ತೀರಿಕೊಂಡರು ಅಂತ ಸುದ್ದಿ ಬಂದ ದಿನವೇ ಅವಳು ಹಾಕಿದ್ದು. ಅರ್ಧ ನಿಮಿಷದ ಕೆಲಸ.

"ತಪ್ಪಾಯ್ತಮ್ಮಾ. ತೀರಿಕೊಂಡವರ ನಂಬರಿಗೆ ಹೋಗಬಾರದಿತ್ತು. ಬೇಜಾರು ಮಾಡ್ಕೋಬೇಡಿ."

"ಅಯ್ಯೋ, ಬೇಜಾರೇಕೆ? ನಮ್ಮ ಲೈನಿನಿಂದ ನಿಮಗೆ ಬರೆಸಿದ್ದು ಇದೊಂದೇ ನಂಬರು. ಇದಕ್ಕೆ ಮೆಸೇಜು ಬಂದ್ರೆ ಒಂಬತ್ತು ಮನೆಗೂ ನಾನೇ ಓಡಿ ಹೇಳೋದು. ಇವತ್ತೂ ಹೇಳಿದೆ. ಅವರಿದ್ದಾಗ ವಾರಕ್ಕೆ ಎರಡು ಸಲನಾದ್ರೂ ಬರೋದು."

ಭಾವನಾ ಚೀಲ ಕೆಳಗಿಟ್ಟಳು. "ಆಮೇಲೆ?"

"ಅವರು ಹೋದ ಮೇಲೆ ಒಂದೂ ಬರ್ಲಿಲ್ಲ. ಆನೆಗಳು ಈ ಕಡೆ ಬಿಟ್ಟೇ ಹೋದ್ವು ಅಂದ್ಕೊಂಡು, ವರ್ಷದಿಂದ ಮಕ್ಕಳನ್ನ ಮುಂದೆ ಬಿಟ್ಕೊಂಡು ತೋಟಕ್ಕೆ ಹೋಗ್ತಿದ್ವಿ."