ತುರ್ತಿಗೆ ಒಂದು ನಂಬರು

ಕಡಲತೀರದಲ್ಲಿ ಮರಳ ಮೇಲೆ ಓಡುವ ನಾಲ್ಕು ಚಕ್ರದ ಬೈಕುಗಳನ್ನು ಬಾಡಿಗೆಗೆ ಕೊಡುವವನು ನಾನು. ಅಂದು ನಡುವಯಸ್ಸಿನವನೊಬ್ಬ ಒಂಟಿಯಾಗಿ ಬಂದ.

"ಹೆಲ್ಮೆಟ್ ಬಿಗಿ ಮಾಡಿ. ಫೋನ್ ನನ್ನ ಡ್ರಾಯರಿನಲ್ಲಿಡಿ, ಓಡಿಸುವಾಗ ಅದನ್ನು ನೋಡಿದವರೆಲ್ಲ ಮಗುಚಿದ್ದಾರೆ. ಏನಾದ್ರೂ ಆದ್ರೆ ಯಾರಿಗೆ ಹೇಳ್ಬೇಕು? ಅವರ ನಂಬರ್ ಬರೀರಿ."

"ಬರೀಲೇಬೇಕಾ?"

"ಬರೆಯದಿದ್ರೆ ಗಾಡಿ ಕೊಡ್ಲಿಕ್ಕಿಲ್ಲ ಮಾರಾಯ್ರೆ."

ಅವನು ಫೋನನ್ನು ಡ್ರಾಯರಿನಲ್ಲಿಟ್ಟು ಪೆನ್ನು ಹಿಡಿದ. ಆಮೇಲೆ 'ಅಣ್ಣ' ಎಂದು ಬರೆದು ನಂಬರು ಹಾಕಿದ.

ದಿಬ್ಬದ ತಿರುವಿನಲ್ಲಿ ಗಾಡಿ ಮಗುಚಿ ಅವನ ಕಾಲು ಮುರಿಯಿತು. ಎತ್ತಿ ತಂದು ನನ್ನ ಮೇಜಿನ ಪಕ್ಕದ ಬೆಂಚಿನಲ್ಲಿ ಮಲಗಿಸಿದೆವು.

"ಹೆದರ್ಬೇಡಿ, ನಿಮ್ಮ ಅಣ್ಣನಿಗೆ ಫೋನ್ ಮಾಡ್ತೇನೆ."

"ಬೇಡ. ಅವನಿಗ್ಯಾಕೆ ತೊಂದರೆ?"

ಕೇಳದೆ ನಂಬರು ಒತ್ತಿದೆ.

ನನ್ನ ಡ್ರಾಯರಿನೊಳಗೆ ಅವನ ಫೋನು ರಿಂಗಾಯಿತು.