ಬೆಟ್ಟದ ಮೇಲಿನ ಏಕವಚನ

ಒಬ್ಬ ಮನುಷ್ಯನ ಪ್ರಾಣ ಉಳಿಸಿದ್ದಕ್ಕೆ ಬುರ್ಗಿ ಅವನಲ್ಲಿ ಕ್ಷಮೆ ಕೇಳಬೇಕಂತೆ. ಹಾಗೆಂದು ಹೇಳಲು ರೋಪ್‌ವೇ ಹತ್ತಿ ಬಂದವನು ಬೇರೆ ಯಾರೂ ಅಲ್ಲ, ಕೆಳಗಿನ ರಿಸಾರ್ಟಿನ ಮ್ಯಾನೇಜರು, ಅವಳ ಸ್ವಂತ ತಮ್ಮ ವೆಂಡೆಲಿನ್. ಬೂಟಿಗೆ ಮೆತ್ತಿದ ಹಿಮವನ್ನೂ ಕೊಡವದೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಅತಿಥಿಗಳು ದೂರು ಕೊಟ್ಟಿದ್ದಾರೆ ಎಂದ.

ಬೆಳಿಗ್ಗೆ ಹ್ಯಾಂಬರ್ಗಿನ ಬ್ರೋಡರ್ಸನ್ ಎಂಬ ಧಣಿ, ಇಳಿಜಾರು ಅಪಾಯವೆಂದು ಕಟ್ಟಿದ್ದ ಹಗ್ಗ ಎತ್ತಿ, ಸ್ಕೀ ಜಾರಿಸಿಕೊಂಡು ಆಚೆ ಹೊರಟಿದ್ದ. ಜಗಲಿಯ ಬೆಂಚು ಒರೆಸುತ್ತಿದ್ದ ಬುರ್ಗಿ ಅದನ್ನು ಕಂಡು, "ಏಯ್, ನಿಲ್ಲೋ, ಸಾಯ್ತೀಯಾ?" ಎಂದು ಗಂಟಲು ಹರಿಯುವಂತೆ ಕೂಗಿದಳು. ಅವನು ನಿಂತ, ಗೊಣಗುತ್ತ ಹಿಂತಿರುಗಿದ. ಸ್ವಲ್ಪ ಹೊತ್ತಿಗೆಲ್ಲ ಆ ಇಳಿಜಾರಿನ ಹಿಮವೆಲ್ಲ ಕಳಚಿಕೊಂಡು ಕಣಿವೆಗೆ ಬಿತ್ತು. ಅದನ್ನು ಕಣ್ಣಾರೆ ನೋಡಿಯೂ ಮಹಾಶಯನ ಕಿವಿಯಲ್ಲಿ ಉಳಿದದ್ದು ಏಕವಚನ ಮಾತ್ರ.

ಆಸ್ಟ್ರಿಯಾದ ಟಿರೋಲಿನ ಬೆಟ್ಟಗಳಲ್ಲಿ ಸಾವಿರ ಮೀಟರ್ ದಾಟಿದ ಮೇಲೆ ಬಹುವಚನವಿಲ್ಲ. ಕೆಳಗೆ ಪಾದ್ರಿಗೂ ಡಾಕ್ಟರಿಗೂ 'ನೀವು' ಎನ್ನುವವರು ಮೇಲೆ ಬಂದರೆ 'ನೀನು' ಎನ್ನುತ್ತಾರೆ. ಒಬ್ಬರ ಜೀವ ಇನ್ನೊಬ್ಬರ ಕೈಯಲ್ಲಿರುವ ಜಾಗದಲ್ಲಿ ದೊಡ್ಡಸ್ತಿಕೆ ಯಾರಿಗೆ ಬೇಕು? ಬುರ್ಗಿ ಮಂತ್ರಿಗಳನ್ನೂ 'ಕೂತ್ಕೋ, ತಿನ್ನು' ಎಂದೇ ಗದರಿಸಿ ಬ್ರೆಡ್ಡಿನುಂಡೆಯ ಸಾರು ಬಡಿಸಿದವಳು. ಆದರೆ ಅವಳ ಈ ಪುಟ್ಟ ಮರದ ಹೋಟೆಲನ್ನು ಹೋದ ವರ್ಷ ರಿಸಾರ್ಟಿನವರು ಕೊಂಡರು, ಅವಳು ಸಂಬಳದ ಅಡುಗೆಯವಳಾಗಿ ಉಳಿದಳು. ಬೆಂಚುಗಳ ಮೇಲೆ ಕುರಿಚರ್ಮ ಬಂತು, ಹಿಮದಲ್ಲಿ ಹೂತ ಶಾಂಪೇನ್ ಬಾಟಲಿ ಬಂತು, ಈಗ ಬಹುವಚನವೂ ರೋಪ್‌ವೇ ಹತ್ತಿ ಬಂದಿತ್ತು.

"ಬಾಯಿಮಾತಿಗಾದ್ರೂ ಕೇಳ್ಬಿಡು ಅಕ್ಕಾ. ಇಲ್ಲಾಂದ್ರೆ ನಾಳೆಯಿಂದ ನಿನಗೆ ಈ ಅಡುಗೆಮನೆ ಇರಲ್ಲ. ನನ್ನ ಕೈಲೇನಿಲ್ಲ."

"ಹೆಣ ಆದ್ಮೇಲೆ ಮರ್ಯಾದೆ ಕೊಟ್ಟಿದ್ರೆ ಆಗ್ತಿತ್ತಾ?"

"'ನೀವು' ಅನ್ನೋಕೆ ನಿನ್ನ ಗಂಟೇನು ಹೋಗತ್ತೆ?"

ಬುರ್ಗಿಗೆ ಮೈಯೆಲ್ಲ ಉರಿದುಹೋಯಿತು. ತಾಯಿ ಸತ್ತಾಗ ಇನ್ನೂ ತೊದಲುತ್ತಿದ್ದ ಇವನನ್ನು ಇದೇ ಒಲೆಯ ಮುಂದೆ ಕೂರಿಸಿಕೊಂಡು ಉಣ್ಣಿಸಿದವಳು ಅವಳು. ಆದರೂ ಈ ಒಲೆ ಬಿಟ್ಟರೆ ಅವಳಿಗೆ ಬೇರೆ ಗತಿಯಿರಲಿಲ್ಲ. ಹಲ್ಲು ಕಚ್ಚಿಕೊಂಡು ಅವನ ಹಿಂದೆ ಜಗಲಿಗೆ ನಡೆದಳು.

ಬ್ರೋಡರ್ಸನ್ ಬಿಸಿಲಿಗೆ ಮುಖವೊಡ್ಡಿ ಕಾಲು ಚಾಚಿ ಕೂತಿದ್ದ. ವೆಂಡೆಲಿನ್ ಸೊಂಟ ಬಗ್ಗಿಸಿ, "ಇವರು ನಮ್ಮ ಸಿಬ್ಬಂದಿ," ಎಂದ. ಆಮೇಲೆ ಅಕ್ಕನ ಕಡೆ ತಿರುಗಿ, "ನೀವು ಹೇಳಬೇಕಾದ್ದನ್ನ ಹೇಳಿ," ಎಂದ.

ನೀವು. ಈ ಬೆಟ್ಟದ ಮೇಲೆ ಅವಳನ್ನು ಹಾಗೆ ಕರೆದ ಮೊದಲನೆಯವನು ಅವಳ ಒಡಹುಟ್ಟಿದವನು. ಬುರ್ಗಿ ಒಂದು ಗಳಿಗೆ ಅವನ ಮುಖವನ್ನೇ ನೋಡಿ, ಅತಿಥಿಯ ಕಡೆ ತಿರುಗಿದಳು.

"ತಮಗೆ 'ನಿಲ್ಲೋ' ಅಂದದ್ದು ತಪ್ಪಾಯ್ತು ಸ್ವಾಮಿ. ಇನ್ನೊಂದ್ಸಲ ತಾವು ಹಗ್ಗ ದಾಟಿದ್ರೆ ನಾನು ಕೂಗಲ್ಲ. ನಿಧಾನಕ್ಕೆ ಹತ್ರ ಬಂದು, ದಯವಿಟ್ಟು ನಿಂತ್ಕೊಳ್ತೀರಾ ಅಂತ ಕೇಳ್ತೀನಿ. ಅಲ್ಲೀವರೆಗೂ ಹಿಮ ಕಾಯತ್ತೆ, ಅದಕ್ಕೂ ತಮ್ಮ ಮೇಲೆ ಗೌರವ ಇದ್ದೇ ಇರತ್ತಲ್ಲ."

ಬ್ರೋಡರ್ಸನ್ ಸಮಾಧಾನದಿಂದ ತಲೆಯಾಡಿಸಿ ಇನ್ನೊಂದು ಗ್ಲಾಸು ತರಿಸಿಕೊಂಡ. ಮಾತಿನ ಮೊನೆ ಅವನಿಗೆ ತಾಗಲೇ ಇಲ್ಲ.

ವೆಂಡೆಲಿನ್ ಅಕ್ಕನ ಬೆನ್ನಿಗೇ ಒಳಗೆ ಬಂದ. ಎದೆಯ ಭಾರ ಇಳಿದವನಂತೆ ನಗುತ್ತಿದ್ದ.

"ಬದುಕಿಸಿದೆ ಅಕ್ಕಾ. ಭಾನುವಾರ ಊಟಕ್ಕೆ ಬಾ, ಮಕ್ಕಳು ಕೇಳ್ತಾನೇ ಇರ್ತಾರೆ."

ಬುರ್ಗಿ ಪಾತ್ರೆ ತಿಕ್ಕುತ್ತಿದ್ದಳು. ತಲೆಯೆತ್ತಲಿಲ್ಲ.

"ನನಗೆ ಕೆಲಸ ಇದೆ. ನೀವು ಹೊರಡಿ."

ಯಾರಿಗೆ ಹೇಳಿದಳೆಂದು ವೆಂಡೆಲಿನ್ ಹಿಂದಕ್ಕೆ ತಿರುಗಿ ನೋಡಿದ. ಬಾಗಿಲಲ್ಲಿ ಬೇರೆ ಯಾರೂ ಇರಲಿಲ್ಲ.